ಪ್ರತಿಯೊಂದು ಪೌಂಡೂ ನನ್ನ ಬೆನ್ನ ಮೇಲೆ

ಟೀ ಚೀಲಕ್ಕೆ ದಾರ ಯಾಕೆ ಬೇಕು ಎಂಬುದು ಓರಿನ್ ಟ್ವೇಟ್‌ನ ತಕರಾರು. ಚೀಲ ಸರಿ, ಅದರೊಳಗೆ ಟೀ ಪುಡಿ ಇರುತ್ತದೆ. ದಾರದ ತುದಿಯಲ್ಲಿ ತೂಗಾಡುವ ಆ ಕಾಗದದ ಬಾವುಟ ಯಾವ ರಾಜ್ಯದ್ದು? ಒಂದು ದಾರ, ಒಂದು ಬಾವುಟ, ಎರಡನ್ನೂ ಚೀಲಕ್ಕೆ ಕಚ್ಚಿಸುವ ಒಂದು ತಂತಿಯ ತುಣುಕು, ಮೂರೂ ಸೇರಿ ಸೊನ್ನೆ ಬಿಂದು ಮೂರು ಗ್ರಾಂ. ಇಪ್ಪತ್ತನಾಲ್ಕು ಚೀಲಕ್ಕೆ ಏಳು ಗ್ರಾಂ ಮೀರಿತು. ಏಳು ಗ್ರಾಂ ದಂಡದ ಭಾರವನ್ನು ಆರು ಮೈಲಿ ದೂರ, ಎರಡು ಸಾವಿರದ ನಾನೂರು ಅಡಿ ಎತ್ತರಕ್ಕೆ ಹೊತ್ತುಕೊಂಡು ಹೋಗುವವನು ಮನುಷ್ಯನಲ್ಲ, ಹೇಸರಗತ್ತೆ ಎಂದು ಯೋಚಿಸಿದವನು ಅಲ್ಲಿಗೇ ತಡೆದುಕೊಂಡ. ಆ ಮನೆಯಲ್ಲಿ ಜೂನ್ ತಿಂಗಳಿನಿಂದ ಹೇಸರಗತ್ತೆ ಎಂಬ ಪದಕ್ಕೆ ಪ್ರವೇಶವಿರಲಿಲ್ಲ.

ಆರ್ಡಿಸ್ ಒಳಗೆ ಬಂದಳು. ಅಡುಗೆಮನೆಯ ಮೇಜಿನ ಮೇಲೆ ಅವಳು ಬ್ರೆಡ್ಡಿಗೆ ಹಿಟ್ಟು ತೂಗುವ ತಕ್ಕಡಿ, ಅವಳ ಹೊಲಿಗೆಯ ಕತ್ತರಿ, ಅವಳ ಟೀ ಚೀಲಗಳು. ಕುರ್ಚಿಯಲ್ಲಿ ಅವಳ ಗಂಡ. (ಕೊನೆಯದೊಂದನ್ನು ಬಿಟ್ಟರೆ ಉಳಿದೆಲ್ಲವನ್ನೂ ಅವಳು ನೋಡಿ ಆರಿಸಿ ತಂದಿದ್ದಳು.)

"ಏನ್ ನಡೀತಿದೆ?"

"ದಾರ ತೆಗೀತಿದ್ದೀನಿ."

"ದಾರ ಇಲ್ಲದೆ ಬಿಸಿನೀರಿಂದ ಚೀಲ ಹೇಗೆ ಎತ್ತಲಿ?"

"ಚಮಚದಲ್ಲಿ."

"ಯಾವ ಚಮಚ? ಇಬ್ಬರಿಗೂ ಒಂದೇ ಚಮಚ ಸಾಕು ಅಂತ ನಿನ್ನೆ ಹೇಳ್ದೋನು ಯಾರು?"

"ನಾನು ತಿಂದಾದ ಮೇಲೆ ಕೊಡ್ತೀನಲ್ಲ."

ಆರ್ಡಿಸ್ ಕತ್ತರಿಯನ್ನು ಕಸಿದುಕೊಂಡಳು. ಅಷ್ಟರಲ್ಲಿ ಇಪ್ಪತ್ತೊಂದು ಚೀಲಗಳು ಬೋಳಾಗಿದ್ದವು.

ಓರಿನ್‌ನ ಈ ಸ್ವಭಾವಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಮೊಂಟಾನಾದ ವಿಲ್ಲೋ ಬೆಂಡ್ ಎಂಬ ಊರಿನ ಗೋಧಿ ಗೋದಾಮಿನಲ್ಲಿ ಅವನು ಮೂವತ್ತೊಂದು ವರ್ಷ ಲಾರಿ ತೂಗಿದವನು. ಲಾರಿ ತುಂಬಿ ಬಂದಾಗ ಒಂದು ತೂಕ, ಖಾಲಿಯಾಗಿ ಹೋದಾಗ ಒಂದು ತೂಕ, ಎರಡರ ನಡುವಿನ ವ್ಯತ್ಯಾಸವೇ ಸತ್ಯ; ಮಿಕ್ಕಿದ್ದೆಲ್ಲ ರೈತರ ಮಾತು. ನಿವೃತ್ತಿಯಾದ ಮೇಲೆ ಲಾರಿಗಳು ಬರುವುದು ನಿಂತಿತು, ತೂಗುವ ಕೈ ನಿಲ್ಲಲಿಲ್ಲ. ಎರಡು ವರ್ಷ ಅದು ಬೆಕ್ಕನ್ನು ತೂಗಿತು, ಟಪಾಲನ್ನು ತೂಗಿತು, ಒಮ್ಮೆ ಪಾದ್ರಿಯವರ ಟೋಪಿಯನ್ನೂ ತೂಗಿತು. ಜೂನ್‌ನಲ್ಲಿ ಅದಕ್ಕೊಂದು ಘನ ಉದ್ದೇಶ ಸಿಕ್ಕಿತು.

ಡಚ್‌ಮನ್ ಕಣಿವೆಯಲ್ಲಿ ಗಂಡು ಎಲ್ಕ್ ಬೇಟೆಯಾಡಲು ವರ್ಷಕ್ಕೆ ಹನ್ನೆರಡೇ ಜನರಿಗೆ ಪರವಾನಗಿ. ಎಲ್ಕ್ ಎಂದರೆ ಕುದುರೆಯಷ್ಟು ದೊಡ್ಡ ಜಿಂಕೆ. ಗಂಡಿನ ತಲೆಯ ಮೇಲೆ ಎಲೆ ಉದುರಿದ ಮರವೊಂದು ನಿಂತಿರುತ್ತದೆ. ಅರ್ಜಿ ಹಾಕಿದವರ ಹೆಸರುಗಳಲ್ಲಿ ಚೀಟಿ ಎತ್ತುತ್ತಾರೆ. ಸಿಗದವರಿಗೆ ವರ್ಷಕ್ಕೊಂದು ಅಂಕ ಜಮೆಯಾಗಿ ಮುಂದಿನ ಸಲ ಅವಕಾಶ ಹೆಚ್ಚುತ್ತದೆ. ಸಿಕ್ಕವನ ಅಂಕ ಮತ್ತೆ ಸೊನ್ನೆಗೆ ಇಳಿಯುತ್ತದೆ. ಓರಿನ್ ಹತ್ತೊಂಬತ್ತು ವರ್ಷ ಅರ್ಜಿ ಹಾಕಿದ. ಮೊದಲ ಅರ್ಜಿ ಹಾಕಿದಾಗ ಅವನ ತಲೆಯಲ್ಲಿ ಕೂದಲಿತ್ತು, ಮಂಡಿಯಲ್ಲಿ ಶಬ್ದವಿರಲಿಲ್ಲ. ಅರವತ್ತಮೂರನೆಯ ವಯಸ್ಸಿನಲ್ಲಿ, ಎರಡೂ ಅದಲುಬದಲಾದ ಮೇಲೆ, ಪರವಾನಗಿ ಕೈಗೆ ಬಂತು. ಸೆಪ್ಟೆಂಬರ್ ಕೊನೆಯ ವಾರ, ಶುಕ್ರವಾರದಿಂದ ಬುಧವಾರದ ಸಂಜೆಯವರೆಗೆ, ಆರು ದಿನ.

ಪರವಾನಗಿ ಬಂದ ಜೂನ್‌ನ ಆ ಭಾನುವಾರ ಊಟಕ್ಕೆ ಆರ್ಡಿಸ್‌ಳ ಅಣ್ಣ ಡೆಲ್ಮರ್ ಬಂದಿದ್ದ. ಡೆಲ್ಮರ್ ಹೇಸರಗತ್ತೆ ಸಾಕಿದವನು. ಊರಿನವರು ಬೆಟ್ಟದ ಮೇಲೆ ಹೊಡೆದ ಎಲ್ಕ್‌ಗಳಲ್ಲಿ ಅರ್ಧದಷ್ಟು ಅವನ ಹೇಸರಗತ್ತೆಗಳ ಬೆನ್ನ ಮೇಲೆಯೇ ಕೆಳಗೆ ಬರುತ್ತವೆ.

"ಯಾವತ್ತು ಬರ್ಲಿ ಹೇಳು," ಎಂದ ಡೆಲ್ಮರ್, ಹಕಲ್‌ಬೆರಿ ಪೈಗೆ ಚಮಚ ಹಾಕುತ್ತ. "ನಮ್ಮ ಹೇಸರಗತ್ತೆ ಡೀಕನ್‌ನೂ ಅವನ ತಮ್ಮನ್ನೂ ಕರ್ಕೊಂಡು ಬರ್ತೀನಿ."

"ಬೇಡ," ಎಂದ ಓರಿನ್.

"ಮತ್ತೆ ಮಾಂಸ ಹೇಗೆ ಇಳಿಸ್ತೀಯ?"

"ಬೆನ್ನ ಮೇಲೆ."

"ಯಾರ ಬೆನ್ನು?"

ಓರಿನ್ ತನ್ನ ಹೆಗಲು ತಟ್ಟಿಕೊಂಡ. ಡೆಲ್ಮರ್ ನಿಧಾನವಾಗಿ ಪೈ ನುಂಗಿದ.

"ನಮ್ಮ ಹಳೇ ಬಿಷಪ್ ಇದ್ದಾನಲ್ಲ, ವಯಸ್ಸಾಯ್ತು ಅಂತ ಹೋದ ವರ್ಷದಿಂದ ಅವನ ಮೇಲೆ ಏನೂ ಹೊರಿಸ್ತಿಲ್ಲ ನಾನು. ಬೇಲಿ ಹತ್ರ ನಿಂತ್ಕೊಂಡು ಹುಲ್ಲು ತಿನ್ತಾನೆ. ಹೇಸರಗತ್ತೆಗೂ ತನ್ನ ಮಿತಿ ಗೊತ್ತಾಗತ್ತೆ ಮಾರಾಯ."

ಓರಿನ್ ಎದ್ದು ನಿಂತ. ಮಂಡಿ ಸದ್ದು ಮಾಡಿತು. ಅದನ್ನು ಮುಚ್ಚಲು ಕುರ್ಚಿಯನ್ನು ಎಳೆದ.

"ಕೇಳ್ಸ್ಕೋ ಡೆಲ್ಮರ್. ಡಚ್‌ಮನ್ ಕಣಿವೆಯಿಂದ ಏನೇ ಕೆಳಗಿಳೀಲಿ, ಪ್ರತಿಯೊಂದು ಪೌಂಡೂ ನನ್ನ ಬೆನ್ನ ಮೇಲೆ ಇಳಿಯತ್ತೆ. ನಿನ್ನ ಪ್ರಾಣಿ ಒಂದು ಕಾಲು ಆ ದಾರೀಲಿ ಇಟ್ಟರೆ ನನ್ನ ಹೆಸರು ಬದಲಾಯಿಸು."

"ಏನಂತ ಇಡ್ಲಿ?" ಎಂದ ಡೆಲ್ಮರ್, ಬಹಳ ಆಸಕ್ತಿಯಿಂದ.

ಅಂದಿನಿಂದ ಅಡುಗೆಮನೆಯ ತಕ್ಕಡಿ ಓರಿನ್‌ನ ವಶವಾಯಿತು. ಓರಿನ್ ಒಂದು ಪಟ್ಟಿ ಮಾಡಿದ. ಎಡಗಡೆ ವಸ್ತು, ಮಧ್ಯೆ ತೂಕ, ಬಲಗಡೆ "ಇದಿಲ್ಲದೆ ಸಾಯುತ್ತೇವೆಯೇ?" ಎಂಬ ಪ್ರಶ್ನೆ. ಡೇರೆಯ ಎಂಟು ಗೂಟಗಳಲ್ಲಿ ಎರಡು ಹೋದವು. ಸೋಪು ಕಾಲು ಭಾಗವಾಯಿತು. ಅಂಗಿಗಳ ಒಳಗಿನ ಕಂಪನಿಯ ಚೀಟಿಗಳು, ಚೀಲದ ಪಟ್ಟಿಗಳ ಉಳಿಕೆ ತುದಿಗಳು, ಔಷಧಿ ಡಬ್ಬಿಯೊಳಗಿನ ಹತ್ತಿ, ಎಲ್ಲಕ್ಕೂ ಕತ್ತರಿ ಬಿತ್ತು. ನಕ್ಷೆಯಲ್ಲಿ ಬೆಟ್ಟವಿರುವ ಭಾಗವಷ್ಟೇ ಉಳಿಯಿತು. ಸುತ್ತಲಿನ ಬಿಳಿ ಅಂಚಿಗೆ ಮೋಕ್ಷವಾಯಿತು. ಅದೇ ಹುರುಪಿನಲ್ಲಿ ಕೈಗೆ ಸಿಕ್ಕ ಕಾಗದಗಳೆಲ್ಲ ಅಂಚು ಕಳೆದುಕೊಂಡವು.

ಜೊತೆಗೆ ಹೋಗಬೇಕಿದ್ದ ಗೆಳೆಯ ಲೋವೆಲ್‌ಗೆ ಆಗಸ್ಟ್‌ನಲ್ಲಿ ಹೊಸ ಸೊಂಟ ಹಾಕಿದರು. ಹಾಗಾಗಿ ಆರ್ಡಿಸ್ ಹೊರಟಳು. ಅವಳೇನು ಹೊಸಬಳಲ್ಲ, ಅಪ್ಪನ ಕುದುರೆಯ ಹಿಂದೆ ಬೆಟ್ಟ ಹತ್ತಿ ಹದಿನಾಲ್ಕನೆಯ ವಯಸ್ಸಿಗೇ ಮೊದಲ ಎಲ್ಕ್ ಹೊಡೆದವಳು. ಅವಳ ಬಳಿ ಹೆಣ್ಣು ಎಲ್ಕ್‌ಗೆ ಸಾಮಾನ್ಯ ಪರವಾನಗಿ ಇತ್ತು. ಗಂಡನ ಪಟ್ಟಿಯನ್ನು ಒಮ್ಮೆ ಕನ್ನಡಕ ಹಾಕಿಕೊಂಡು ಓದಿದಳು.

"ಎಲ್ಲಾ ಸೇರಿ ಎಷ್ಟು ಉಳಿಸಿದೆ?"

"ಮೂರು ಪೌಂಡ್ ಹನ್ನೊಂದು ಔನ್ಸ್."

"ಗಂಡು ಎಲ್ಕ್ ಎಷ್ಟು ತೂಗತ್ತೆ?"

"ಮೂಳೆ ಬಿಡಿಸಿದ ಮಾಂಸ ಇನ್ನೂರ ನಲವತ್ತು ಪೌಂಡ್. ತಲೆ, ಕೊಂಬು ಬೇರೆ."

"ಅದು ಈ ಪಟ್ಟೀಲಿ ಕಾಣಿಸ್ತಿಲ್ಲ."

"ಅದು ಬೇರೆ ಪಟ್ಟಿ."

ಉಪಗ್ರಹದ ಮೂಲಕ ಸಂದೇಶ ಕಳಿಸುವ, ಅಂಗೈಯಗಲದ ಪೆಟ್ಟಿಗೆಯೊಂದನ್ನು ಅವಳು ತನ್ನ ಚೀಲಕ್ಕೆ ಹಾಕಿದಳು. ಮೂರೂವರೆ ಔನ್ಸ್. ಓರಿನ್ ಅದನ್ನು ಹೊರಗೆ ತೆಗೆದ. ಅವಳು ಒಳಗೆ ಹಾಕಿದಳು. ಅವನು ತೆಗೆದ. "ನೀನು ಬಿದ್ದು ಸತ್ತರೆ ಹೇಳಿ ಕಳಿಸೋಕೆ ಬೇಕು," ಎಂದಳು. ಮೂರನೆಯ ಅಂಕಣದ ಪ್ರಶ್ನೆಗೆ ಅದು ಉತ್ತರವೇ ಆಗಿದ್ದುದರಿಂದ ಪೆಟ್ಟಿಗೆಯನ್ನು ಅವನೇ ಒಳಗೆ ಹಾಕಿದ.

ಗುರುವಾರ ಬೆಟ್ಟ ಹತ್ತಿದರು. ಓರಿನ್‌ನ ಚೀಲ ಮೂವತ್ತಾರು ಪೌಂಡ್. ಅವನು ನಡೆಯಲಿಲ್ಲ, ತೇಲಿದ. ಮೂರು ಗಂಟೆ ನಲವತ್ತು ನಿಮಿಷಕ್ಕೆ ಕಣಿವೆಯ ಮೇಲ್ಭಾಗದ ಸ್ಪ್ರೂಸ್ ಮರಗಳ ನಡುವೆ ಡೇರೆ ಎದ್ದಿತು. ಕರಡಿಗಳ ನಾಡಾದ್ದರಿಂದ ಅಡುಗೆಯ ಜಾಗವನ್ನು ಡೇರೆಯಿಂದ ಇನ್ನೂರು ಹೆಜ್ಜೆ ದೂರ ಇಟ್ಟ. ತಿನ್ನುವ ವಸ್ತುಗಳನ್ನೆಲ್ಲ ಹಗ್ಗಕ್ಕೆ ಕಟ್ಟಿ ಕೊಂಬೆಯೊಂದರ ಮೇಲೆ ನೇತುಹಾಕಿದ. ಚಿಟಿಕೆ ಪುಡಿ ಹಾರಿಸಿ ಗಾಳಿ ಯಾವ ಕಡೆಗೆ ಬೀಸುತ್ತದೆಂದು ನೋಡಿದ. ಈ ಕೆಲಸಗಳಲ್ಲಿ ಓರಿನ್ ನಿಜವಾಗಿಯೂ ಗಟ್ಟಿಗ. ಅವನು ಕಟ್ಟಿದ ಗಂಟು ಬಿಗಿಯಾಗಿರುತ್ತದೆ, ಬೇಕೆಂದಾಗ ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುತ್ತದೆ. ದೂರದ ಇಳಿಜಾರಿನಿಂದ ಗಂಡು ಎಲ್ಕ್ ಒಂದು ಕೂಗಿತು. ತುಕ್ಕು ಹಿಡಿದ ದೊಡ್ಡ ಗೇಟನ್ನು ಯಾರೋ ದುಃಖದಿಂದ ತೆರೆದ ಹಾಗಿರುತ್ತದೆ ಆ ಕೂಗು. ಹತ್ತೊಂಬತ್ತು ವರ್ಷ ಕಾದವನಿಗೆ ಅದಕ್ಕಿಂತ ಇಂಪಾದ ಸಂಗೀತವಿಲ್ಲ.

ಆರ್ಡಿಸ್ ಬೆರಳಿನಿಂದ ಟೀ ಚೀಲವನ್ನು ಎತ್ತಿ, ಸುಟ್ಟ ಬೆರಳನ್ನು ಗಂಡನಿಗೆ ಕಾಣುವಂತೆ ಊದಿಕೊಂಡು, ತನ್ನ ಪರವಾನಗಿಯ ಜೊತೆ ಬಂದ ಬೇಟೆಯ ಚೀಟಿಯನ್ನು ಅಂಗಿಯ ಜೇಬಿನಿಂದ ಹೊರತೆಗೆದಳು.

"ನಿನ್ನ ಚೀಟೀನೂ ಕೊಡು. ಒಂದೇ ಪ್ಲಾಸ್ಟಿಕ್ ಕವರ್‌ಗೆ ಹಾಕ್ತೀನಿ. ಭಾರ ಕಮ್ಮಿ ಆಗತ್ತೆ."

ಹೆಂಡತಿಗೆ ಕೊನೆಗೂ ಬುದ್ಧಿ ಬಂತೆಂಬ ಸಂತೋಷದಲ್ಲಿ ಓರಿನ್ ಚೀಟಿ ಕೊಟ್ಟ. ಆರ್ಡಿಸ್ ಅದನ್ನು ಹಿಂದೆ ಮುಂದೆ ತಿರುಗಿಸಿದಳು. ತನ್ನದರ ಪಕ್ಕ ಇಟ್ಟು ನೋಡಿದಳು. ಅವಳದು ಅಂಗೈಯಷ್ಟಿತ್ತು; ಅವನದು ಅಂಚೆಚೀಟಿಗಿಂತ ತುಸು ದೊಡ್ಡದು.

"ಓರಿನ್, ಇದರ ಅಂಚು ಎಲ್ಲಿ?"

"ಕತ್ತರಿಸ್ದೆ. ಬರೀ ಅಂಕಿ ಇತ್ತು."

"ಯಾವ ಅಂಕಿ?"

ಓರಿನ್ ಚೀಟಿಯನ್ನು ಕಸಿದುಕೊಂಡು ಕಣ್ಣಿನ ಹತ್ತಿರ ಹಿಡಿದ.

ಆ ಚೀಟಿಯ ಸುತ್ತ ಹನ್ನೆರಡು ತಿಂಗಳ ಹೆಸರು, ಒಂದರಿಂದ ಮೂವತ್ತೊಂದರವರೆಗೆ ದಿನಾಂಕ ಅಚ್ಚಾಗಿರುತ್ತವೆ. ಪ್ರಾಣಿ ಬಿದ್ದ ಕೂಡಲೇ ಬೇಟೆಗಾರ ಚಾಕುವಿನಿಂದ ಆ ದಿನದ ತಿಂಗಳನ್ನೂ ದಿನಾಂಕವನ್ನೂ ಕತ್ತರಿಸಿ, ಚೀಟಿಯನ್ನು ಪ್ರಾಣಿಗೆ ಕಟ್ಟಬೇಕು. ಕತ್ತರಿಸಿದ ಚೀಟಿ ಎಂದರೆ ಬಳಸಿ ಮುಗಿದ ಚೀಟಿ. ಇದು ಅಲ್ಲಿನ ಮಕ್ಕಳಿಗೂ ಗೊತ್ತಿರುವ ವಿಷಯ. ಓರಿನ್ ನಲವತ್ತೈದು ವರ್ಷಗಳಿಂದ ಮಾಡಿಕೊಂಡು ಬಂದಿರುವ ವಿಷಯ.

ಆರ್ಡಿಸ್ ಲೆಕ್ಕ ಮಾಡಿದಳು. "ಅಂದ್ರೆ ಜನವರಿ ಒಂದರಿಂದ ಡಿಸೆಂಬರ್ ಮೂವತ್ತೊಂದರ ತನಕ ದಿನಾ ಒಂದೊಂದು ಎಲ್ಕ್ ಹೊಡೆದಿದ್ದೀಯ ಅಂತ ಆಯ್ತು."

"ಸೊನ್ನೆ ಬಿಂದು ಎರಡು ಗ್ರಾಂ ಇತ್ತು," ಎಂದ ಓರಿನ್. ಆ ಹೊತ್ತಿಗೆ ಅವನಿಗೆ ತೋಚಿದ್ದು ಅಷ್ಟೇ.

"ಡೆಲ್ಮರ್‌ಗೆ ಹೇಳೋದಾ?"

"ಹೇಳಿದ್ರೆ ನಾನು ಈ ಬೆಟ್ಟದಲ್ಲೇ ಉಳ್ಕೊಂಡ್‌ಬಿಡ್ತೀನಿ."

ಶುಕ್ರವಾರ, ಬೇಟೆಯ ಮೊದಲ ದಿನ, ಮಿಕ್ಕ ಹನ್ನೊಂದು ಮಂದಿ ಬಂದೂಕು ಹಿಡಿದು ಬೆಟ್ಟ ಹತ್ತುತ್ತಿದ್ದಾಗ ಓರಿನ್ ಒಬ್ಬನೇ ಇಳಿಯುತ್ತಿದ್ದ. ಎದುರಾದ ಇಬ್ಬರು, "ಆಗ್ಲೇ ಮುಗೀತಾ?" ಎಂದು ಮೆಚ್ಚುಗೆಯಿಂದ ಕೇಳಿದರು. "ಒಂಥರಾ," ಎಂದ. ಅಲ್ಲಿಂದ ಪಿಕಪ್ ಗಾಡಿಯಲ್ಲಿ ಎಪ್ಪತ್ತು ಮೈಲಿ. ಪರವಾನಗಿ ಕೊಡುವ ಕಚೇರಿಯ ಕಿಟಕಿಯ ಹಿಂದಿದ್ದ ಹೆಂಗಸು ಚೀಟಿಯನ್ನು ಬೆಳಕಿಗೆ ಹಿಡಿದು ನೋಡಿದಳು.

"ನಾಯಿ ತಿಂತಾ?"

"ಇಲ್ಲ. ಕತ್ತರಿಸ್ದೆ."

"ಯಾಕೆ?"

ಓರಿನ್ ಸುಳ್ಳು ಹೇಳದ ಮನುಷ್ಯ. "ಭಾರ ಅಂತ."

ಅವಳು ಅವನ ಮುಖವನ್ನು ನೋಡಿದಳು, ಚೀಟಿಯನ್ನು ನೋಡಿದಳು, ಒಳಗೆ ಹೋದಳು. ಒಳಗಿನಿಂದ ಮೂರು ಬೇರೆ ಬೇರೆ ದನಿಗಳ ನಗು ಕೇಳಿಸಿತು. ಗಂಭೀರ ಮುಖದಿಂದ ಹೊರಬಂದು ಹೊಸ ಚೀಟಿ ಕೊಟ್ಟಳು. "ಇದನ್ನ ಹಾಗೇ ಹೊತ್ಕೊಂಡು ಹೋಗಕ್ಕಾಗತ್ತಾ, ಇಲ್ಲ ಯಾರನ್ನಾದ್ರೂ ಕಳಿಸ್ಲಾ?"

ಹಿಂದಿರುಗುವಷ್ಟರಲ್ಲಿ ಕತ್ತಲಾಗಿತ್ತು. ದಾರಿಯ ಬುಡದಲ್ಲಿ ಪಿಕಪ್‌ನೊಳಗೇ ಮಲಗಿ, ಶನಿವಾರ ಬೆಳಿಗ್ಗೆ ಮತ್ತೆ ಆರು ಮೈಲಿ ಹತ್ತಿದ. ಹತ್ತೂವರೆಗೆ ಡೇರೆ ಸೇರಿದ. ಐದು ದಿನ ಇನ್ನೂ ಕೈಯಲ್ಲಿದ್ದವು. ಅವನ ಮನಸ್ಸಿನಲ್ಲಿ ನಗಾರಿ ಬಾರಿಸುತ್ತಿತ್ತು.

ಆರ್ಡಿಸ್ ಮೊಣಕೈವರೆಗೆ ತೋಳು ಮಡಚಿಕೊಂಡು ಚಾಕು ಮಸೆಯುತ್ತಿದ್ದಳು.

"ನಿನ್ನೆ ನಿನ್ನ ಎಲ್ಕ್ ಬಂದಿತ್ತು," ಎಂದಳು. "ಅಲ್ಲಿ, ಆ ಮರದ ಹತ್ರ. ಎರಡೂ ಕೊಂಬಿಗೆ ಆರಾರು ಕವಲು. ಸುಮಾರು ಹೊತ್ತು ನಿಂತಿತ್ತು. ನೀನು ಊರಲ್ಲಿಲ್ಲ ಅಂತ ಹೇಳಿ ಕಳಿಸ್ದೆ."

"ಚಾಕು ಯಾಕೆ?"

"ಇವತ್ತು ಬೆಳಿಗ್ಗೆ ಏಳು ಗಂಟೆಗೆ ನಂದು ಬಂತು."

ಅರ್ಧ ಮೈಲಿ ಆಚೆ, ಹುಲ್ಲಿನ ಇಳಿಜಾರಿನಲ್ಲಿ, ಕೊಬ್ಬಿದ ಹೆಣ್ಣು ಎಲ್ಕ್ ಒಂದು ಬಿದ್ದಿತ್ತು. ಒಂದೇ ಗುಂಡು. ಅದರ ಕಾಲಿಗೆ ಅಚ್ಚುಕಟ್ಟಾಗಿ ತಿಂಗಳು, ದಿನಾಂಕ ಕತ್ತರಿಸಿದ ಚೀಟಿ ಕಟ್ಟಿತ್ತು. ಓರಿನ್ ಆ ಚೀಟಿಯತ್ತ ನೋಡದೆ ಟೋಪಿ ತೆಗೆದು ಹೆಂಡತಿಯ ಕೈ ಕುಲುಕಿದ. ಒಳ್ಳೆಯ ಬೇಟೆಯನ್ನು ಒಳ್ಳೆಯದೆನ್ನಲು ಹಿಂಜರಿಯುವ ಸಣ್ಣತನ ಅವನಲ್ಲಿರಲಿಲ್ಲ.

ಮಧ್ಯಾಹ್ನದವರೆಗೆ ಇಬ್ಬರೂ ಮಂಡಿಯೂರಿ ಕೆಲಸ ಮಾಡಿದರು. ಹೊಟ್ಟೆ ತೆರೆಯದೆ, ಒಂದು ಪಕ್ಕದ ಚರ್ಮ ಬಿಡಿಸಿ, ಮುಂಗಾಲು, ಹಿಂಗಾಲು, ಬೆನ್ನಿನ ಮಾಂಸ ತೆಗೆದು, ಆಮೇಲೆ ಮಗ್ಗುಲು ಹೊರಳಿಸಿ ಇನ್ನೊಂದು ಪಕ್ಕ. ಮೂಳೆ ಬಿಡಿಸಿದ ಮಾಂಸವನ್ನು ಬಟ್ಟೆಯ ಚೀಲಗಳಲ್ಲಿ ತುಂಬಿ, ಗಾಳಿಯಾಡುವ ನೆರಳಿನಲ್ಲಿ ಎತ್ತರಕ್ಕೆ ನೇತುಹಾಕಿದರು. ಓರಿನ್ ಸ್ಪ್ರಿಂಗ್ ತಕ್ಕಡಿ ತಂದಿದ್ದ (ನಾಲ್ಕು ಔನ್ಸ್; ಇದಿಲ್ಲದೆ ಸಾಯುತ್ತೇವೆಯೇ ಎಂಬ ಪ್ರಶ್ನೆಗೆ "ಹೌದು" ಎಂದು ಬರೆದಿದ್ದ). ನೂರ ಎಪ್ಪತ್ತೆರಡು ಪೌಂಡ್.

ರಾತ್ರಿ ಹಿಮ ಬೀಳುವಷ್ಟು ಚಳಿ ಇದ್ದರೂ ಹಗಲು ಬಿಸಿಲು ಜೋರು. ಮಾಂಸವನ್ನು ತಡಮಾಡದೆ ಇಳಿಸಬೇಕು. ಹೊಡೆದ ಮಾಂಸವನ್ನು ಕೆಡಿಸಿದವನ ಮುಖವನ್ನು ಆ ಊರಿನಲ್ಲಿ ಯಾರೂ ನೋಡುವುದಿಲ್ಲ, ಕಾನೂನೂ ಬಿಡುವುದಿಲ್ಲ.

ಆರ್ಡಿಸ್ ಸಂದೇಶದ ಪೆಟ್ಟಿಗೆಯನ್ನು ಕೈಯಲ್ಲಿ ಹಿಡಿದುಕೊಂಡಳು. "ಕೇಳು. ಈಗ ಎರಡು ಸಾಲು ಬರೆದರೆ ನಾಳೆ ಮಧ್ಯಾಹ್ನದೊಳಗೆ ಡೆಲ್ಮರ್ ಇಲ್ಲಿರ್ತಾನೆ. ಒಂದೇ ಸಲಕ್ಕೆ ಎಲ್ಲಾ ಇಳಿಯತ್ತೆ. ನೀನು ಬುಧವಾರದ ತನಕ ನಿನ್ನ ಗಂಡು ಎಲ್ಕ್ ಹಿಂದೆ ಹೋಗು."

"ಬೇಡ."

"ಹತ್ತೊಂಬತ್ತು ವರ್ಷ ಓರಿನ್."

"ಏನೇ ಇಳೀಲಿ ನನ್ನ ಬೆನ್ನ ಮೇಲೆ ಅಂದಿದ್ದೀನಿ. ಯಾರು ಹೊಡೆದಿದ್ದು ಅಂತ ನಾನು ವಿಂಗಡಿಸಿ ಹೇಳಿರ್ಲಿಲ್ಲ."

ಅವನು ಲೆಕ್ಕ ಹಾಕಿದ. ಹೋಗಿ ಬರುವುದು ಹನ್ನೆರಡು ಮೈಲಿ, ದಿನಕ್ಕೆ ಒಂದೇ ಸುತ್ತು ಸಾಧ್ಯ. ಸುತ್ತಿಗೆ ಐವತ್ತೇಳು ಪೌಂಡಿನಂತೆ ಹೊತ್ತರೆ ಮೂರು ಸುತ್ತು, ಚೂರುಪಾರು ಕೊನೆಯ ಸುತ್ತಿಗೆ. ಭಾನುವಾರ, ಸೋಮವಾರ, ಮಂಗಳವಾರ. ಬುಧವಾರ ಪೂರ್ತಿ ಬೇಟೆಗೆ. ಹೇಸರಗತ್ತೆಯೂ ಇಲ್ಲ, ಎಲ್ಕ್ ಕೂಡ ತಪ್ಪುವುದಿಲ್ಲ. ಅಷ್ಟು ಸುಂದರವಾದ ಲೆಕ್ಕವನ್ನು ಅವನು ಗೋದಾಮಿನಲ್ಲೂ ಕಂಡಿರಲಿಲ್ಲ.

ಭಾನುವಾರ ಬೆಳಿಗ್ಗೆ ಮಾಂಸವನ್ನು ಚೀಲದಲ್ಲಿ ಹೆಗಲಿನ ಮೂಳೆಗಳ ನೇರಕ್ಕೆ, ಬೆನ್ನಿಗೆ ಅಂಟಿಕೊಳ್ಳುವಂತೆ ಕಟ್ಟಿದ. ಭಾರ ಕೆಳಗಿದ್ದರೆ ಹಿಂದಕ್ಕೆ ಎಳೆಯುತ್ತದೆ, ಹೊರಗಿದ್ದರೆ ಪಕ್ಕಕ್ಕೆ ವಾಲಿಸುತ್ತದೆ. ಐವತ್ತೇಳು ಪೌಂಡ್ ಮೇಲೆದ್ದಿತು, ಕೆಳಗೆ ಓರಿನ್ ಇದ್ದ. ಆರ್ಡಿಸ್ "ಸುಮ್ನೆ ಜೊತೆಗೆ ಬರ್ತೀನಿ" ಎಂದು ಬಂದೂಕು ಹಿಡಿದು ಹಿಂಬಾಲಿಸಿದಳು. ಮೊದಲ ಮೈಲಿ ಅವನು ಮಾತಾಡಿದ. ಎರಡನೆಯ ಮೈಲಿ ಕೇಳಿಸಿಕೊಂಡ. ಮೂರನೆಯ ಮೈಲಿಯಲ್ಲಿ ಮಂಡಿಗಳು ಮಾತಾಡಿದವು. ನಾಲ್ಕನೆಯ ಮೈಲಿಯಲ್ಲಿ ಉರುಳಿದ್ದ ಮರವೊಂದರ ಮೇಲೆ ಕುಳಿತ, ಆಮೇಲೆ ಏಳಲಾಗಲಿಲ್ಲ. ಕೈಕಾಲು ಆಡಿಸಿದ, ಮುಂದಕ್ಕೆ ಬಾಗಿದ, ಏಳಲಾಗಲಿಲ್ಲ. ಬೆನ್ನು ಕೆಳಗಾಗಿ ಬಿದ್ದ ಆಮೆಗೆ ತನ್ನ ಸ್ಥಿತಿ ಬೇಗ ಅರ್ಥವಾಗುತ್ತದೆ. ಓರಿನ್‌ಗೆ ಎಂಟು ನಿಮಿಷ ಬೇಕಾಯಿತು.

"ಹದಿನಾಲ್ಕು ಪೌಂಡ್ ನನಗೆ ಕೊಡು," ಎಂದಳು ಆರ್ಡಿಸ್.

"ಇಲ್ಲ."

"ನನ್ನ ಎಲ್ಕ್ ಕಣೋ ಅದು."

"ಓರಿನ್ ಅರ್ಧ ದಾರೀಲಿ ಕೂತ್ಬಿಟ್ಟ, ನನ್ನ ತಂಗಿ ಹೊತ್ಕೊಂಡು ಬಂದ್ಳು ಅಂತ ಡೆಲ್ಮರ್ ಸಾಯೋತನಕ ಹೇಳ್ತಾನೆ."

"ಹಾಗಾದ್ರೆ ನಾನು ಹೇಳೋದಿಲ್ಲ."

"ನಿನ್ನ ಮುಖ ಹೇಳತ್ತೆ."

ಅದು ನಿಜ. ಹದಿನಾಲ್ಕು ಪೌಂಡಿನ ಗಂಟನ್ನು ಬಿಚ್ಚಿ ಒಂದು ಫರ್ ಮರಕ್ಕೆ ಎತ್ತರದಲ್ಲಿ ಕಟ್ಟಿದರು. ನಲವತ್ಮೂರು ಪೌಂಡಿನೊಡನೆ ಓರಿನ್ ಎದ್ದು ನಿಂತು, ಉಳಿದದ್ದನ್ನು ಮನಸ್ಸಿನಲ್ಲೇ ಭಾಗಿಸಿದ. ಉತ್ತರ ಬಂದಾಗ ಅವನ ನಡಿಗೆ ಒಂದು ಕ್ಷಣ ತಡವರಿಸಿತು. ನಲವತ್ಮೂರರಂತೆ ನಾಲ್ಕು ಸುತ್ತು. ನಾಲ್ಕನೆಯ ಸುತ್ತು ಬುಧವಾರ.

ಕೆಳಗೆ ಪಿಕಪ್‌ನಲ್ಲಿದ್ದ ಮಂಜುಗಡ್ಡೆಯ ಪೆಟ್ಟಿಗೆಗೆ ಮಾಂಸ ಇಳಿಸುವಾಗ ಆರ್ಡಿಸ್ ಮತ್ತೊಮ್ಮೆ ಕೇಳಿದಳು. "ಎರಡು ಸಾಲು ಬರೀಲಾ?"

"ಒಂದಕ್ಷರ ಬರೀಬೇಡ," ಎಂದ.

ಸೋಮವಾರ ಇಳಿದ, ಹತ್ತಿದ. ಮಂಗಳವಾರ ಇಳಿದ, ಹತ್ತಿದ. ಮಂಗಳವಾರ ತನ್ನ ಬಂದೂಕನ್ನೂ ಕೆಳಗೆ ಬಿಟ್ಟು ಬಂದ. ಏಳು ಪೌಂಡ್ ನಾಲ್ಕು ಔನ್ಸ್. ಬುಧವಾರ ಹೇಗಿದ್ದರೂ ಬೇಟೆಗೆ ಸಮಯವಿಲ್ಲ, ಅದೂ ದಂಡದ ಭಾರವೇ ಅಲ್ಲವೇ? ಕಣಿವೆಯಲ್ಲಿ ಗಂಡು ಎಲ್ಕ್ ಎರಡು ಹೊತ್ತೂ ಕೂಗಿತು. ಓರಿನ್ ಆ ಕಡೆ ತಲೆ ತಿರುಗಿಸಲಿಲ್ಲ. ತಿರುಗಿಸಲು ಕುತ್ತಿಗೆಯೂ ಒಪ್ಪುತ್ತಿರಲಿಲ್ಲ.

ಬುಧವಾರ ಕೊನೆಯ ಸುತ್ತು. ಓರಿನ್ ಮಾಂಸ ಹೊತ್ತ, ಆರ್ಡಿಸ್ ಡೇರೆಯನ್ನೂ ತನ್ನ ಬಂದೂಕನ್ನೂ ಹೊತ್ತಳು. ಪಿಕಪ್‌ಗೆ ಇನ್ನು ಒಂದೂವರೆ ಮೈಲಿ ಇದೆ ಎನ್ನುವಾಗ, ದಾರಿ ತಿರುಗುವಲ್ಲಿ, ಅದು ನಿಂತಿತ್ತು.

ಅರವತ್ತು ಗಜ. ಪಕ್ಕಕ್ಕೆ ತಿರುಗಿ, ಪೂರ್ತಿ ಮೈ ತೋರಿಸಿಕೊಂಡು, ಆರಾರು ಕವಲಿನ ಕೊಂಬು ಹೊತ್ತು. ಗಾಳಿ ಅದರ ಕಡೆಯಿಂದ ಇವರ ಕಡೆಗೆ. ಪುಸ್ತಕದಲ್ಲಿ ಚಿತ್ರ ಬರೆಯಲು ನಿಲ್ಲಿಸಿದ ಹಾಗಿತ್ತು.

ಆರ್ಡಿಸ್ ಸದ್ದಿಲ್ಲದೆ ತನ್ನ ಬಂದೂಕನ್ನು ಗಂಡನ ಕೈಗಿಟ್ಟಳು. ಅವನ ಜೇಬಿನಲ್ಲಿ ಅಂಚು ಸಮೇತ ಹೊಸ ಚೀಟಿ ಇತ್ತು. ಸೂರ್ಯ ಮುಳುಗಲು ಇನ್ನೂ ನಾಲ್ಕು ಗಂಟೆ.

"ಹೊಡಿ," ಎಂದಳು ಪಿಸುಮಾತಿನಲ್ಲಿ. "ರಾತ್ರಿಯೊಳಗೆ ಡೆಲ್ಮರ್ ಬರ್ತಾನೆ. ನಾನೇ ಕರೆದೆ ಅಂತೀನಿ. ನನಗೆ ಹೊಟ್ಟೆನೋವು ಅಂತೀನಿ. ನಿನ್ನ ಹೆಸರು ಬರೋದಿಲ್ಲ."

ಓರಿನ್ ಮರಕ್ಕೆ ಒರಗಿ ಬಂದೂಕಿನ ದುರ್ಬೀನಿನಲ್ಲಿ ನೋಡಿದ. ಎಲ್ಕ್‌ನ ಹೆಗಲಿನ ಹಿಂಭಾಗ ಅಂಗೈಯಷ್ಟು ಸ್ಪಷ್ಟವಾಗಿ ಕಂಡಿತು. ಹತ್ತೊಂಬತ್ತು ವರ್ಷ ಆ ಅಂಗೈಯೊಳಗೆ ಇತ್ತು. ಇನ್ನೂರ ನಲವತ್ತು ಪೌಂಡ್. ನಲವತ್ಮೂರರಂತೆ ಆರು ಸುತ್ತು. ಈ ಮಂಡಿಗಳಲ್ಲಿ ಆರು ಸುತ್ತು ಇಲ್ಲ. ಇದೊಂದು ಸುತ್ತು ಉಳಿದಿದ್ದರೆ ಅದೇ ದೊಡ್ಡದು. ಬಂದೂಕಿನ ಕುದುರೆಯ ಮೇಲೆ ಬೆರಳು ಸ್ವಲ್ಪ ಹೊತ್ತು ಆಡಿತು. ಆಮೇಲೆ ಅವನು ಬಂದೂಕನ್ನು ಇಳಿಸಿ ಹೆಂಡತಿಗೆ ವಾಪಸು ಕೊಟ್ಟ.

"ಯಾಕೆ?"

"ದಾರಿಗೆ ತೀರಾ ಹತ್ರ ಇದೆ," ಎಂದ ಓರಿನ್. "ಇಷ್ಟು ಸುಲಭಕ್ಕೆ ನಾನು ಹತ್ತೊಂಬತ್ತು ವರ್ಷ ಕಾದಿರ್ಲಿಲ್ಲ."

ಎಲ್ಕ್ ಅವನನ್ನು ನೋಡಿತು. ಸಭೆ ಮುಂದೂಡಲ್ಪಟ್ಟ ಅಧ್ಯಕ್ಷ ಕುರ್ಚಿ ಬಿಟ್ಟೇಳುವ ಗತ್ತಿನಲ್ಲಿ ತಿರುಗಿ, ಅವಸರವಿಲ್ಲದೆ ಮರಗಳೊಳಗೆ ಹೋಯಿತು. ಉಳಿದ ಒಂದೂವರೆ ಮೈಲಿ ಆರ್ಡಿಸ್ ಮುಂದೆ ನಡೆದಳು. ಗಂಡ ಹೆಜ್ಜೆ ಎಳೆಯುವುದನ್ನು ನೋಡಬಾರದೆಂದು ಅವಳು ಒಮ್ಮೆಯೂ ಹಿಂದಿರುಗಲಿಲ್ಲ ಎಂಬುದು ಅವನಿಗೆ ತಿಳಿದಿತ್ತು.

ಓರಿನ್ ಹತ್ತು ದಿನ ಮೆಟ್ಟಿಲು ಹತ್ತಲಿಲ್ಲ. ಆದರೆ ಡೆಲ್ಮರ್ ನೋಡಲು ಬಂದಾಗ ದಿವಾನದ ಮೇಲಿಂದಲೇ ತಲೆಯೆತ್ತಿ, "ನೂರ ಎಪ್ಪತ್ತೆರಡು ಪೌಂಡ್. ತೂಗಿದ್ದೀನಿ," ಎಂದ. ಡೆಲ್ಮರ್‌ಗೆ ಆ ಸಲ ಹೇಳಲು ಏನೂ ಸಿಗಲಿಲ್ಲ. ಆ ಒಂದು ಮೌನಕ್ಕಾಗಿ ಗಂಡು ಎಲ್ಕ್ ಕಳೆದುಕೊಂಡದ್ದು ನಷ್ಟವೇನಲ್ಲ ಎಂದು ಓರಿನ್ ಚಳಿಗಾಲವಿಡೀ ತನಗೆ ತಾನೇ ಹೇಳಿಕೊಂಡ. ಅಂಕಗಳು ಸೊನ್ನೆಗೆ ಇಳಿದಿದ್ದವು. ಮತ್ತೆ ಹತ್ತೊಂಬತ್ತು ವರ್ಷವಾದರೆ ತನಗೆ ಎಂಬತ್ತಮೂರು ಎಂದು ಲೆಕ್ಕ ಹಾಕಿ, ಅರ್ಜಿ ಹಾಕಿದ. ಆರ್ಡಿಸ್ ಕೂಡ ಅದೇ ಲಕೋಟೆಯಲ್ಲಿ ಒಂದು ಅರ್ಜಿ ಹಾಕಿದಳು. ಜೀವನದಲ್ಲಿ ಮೊದಲ ಸಲ.

ಜೂನ್‌ನಲ್ಲಿ ಫಲಿತಾಂಶ ಬಂತು. ಓರಿನ್ ಟ್ವೇಟ್: ಇಲ್ಲ. ಆರ್ಡಿಸ್ ಟ್ವೇಟ್: ಡಚ್‌ಮನ್ ಕಣಿವೆ, ಗಂಡು ಎಲ್ಕ್, ಒಂದು.

ಓರಿನ್ ಎರಡು ದಿನ ಗ್ಯಾರೇಜಿನಲ್ಲೇ ಇದ್ದ. ಮೂರನೆಯ ದಿನ ಭಾನುವಾರ. ಡೆಲ್ಮರ್ ಊಟಕ್ಕೆ ಬಂದ. ತಂಗಿಯ ಕೈ ಹಿಡಿದು ಕುಣಿಸಿ, ಸುಸ್ತಾಗಿ ಕುಳಿತು ಹೇಳಿದ:

"ನಿನ್ನ ವಿಷಯದಲ್ಲಿ ಜಗಳ ಇಲ್ಲವಲ್ಲ. ಯಾವತ್ತು ಬರ್ಲಿ ಹೇಳು. ಡೀಕನ್‌ನ ಕರ್ಕೊಂಡು ಬರ್ತೀನಿ."

"ಬೇಡ ಅಣ್ಣ," ಎಂದಳು ಆರ್ಡಿಸ್, ಆಲೂಗಡ್ಡೆ ಹಿಸುಕುತ್ತ. "ನನ್ನ ಹತ್ರ ಒಂದಿದೆ."

"ಎಲ್ಲಿ?"

ಅವಳು ಚಮಚದಿಂದ ಗ್ಯಾರೇಜಿನ ಬಾಗಿಲು ತೋರಿಸಿದಳು.

ಡೆಲ್ಮರ್ ಬಾಗಿಲನ್ನು ನೋಡಿ, ಕಸುಬುದಾರನ ಗಾಂಭೀರ್ಯದಿಂದ ಗಲ್ಲ ಸವರಿಕೊಂಡ. "ವಯಸ್ಸಾಗಿದೆ. ಹಠ ಜಾಸ್ತಿ. ಇನ್ನೂರ ನಲವತ್ತು ಪೌಂಡಿಗೆ ಎಷ್ಟು ಸುತ್ತು ಹೊಡೆಯತ್ತೆ?"

"ಆರು," ಎಂದಳು ಆರ್ಡಿಸ್.

"ಐದು," ಎಂದು ಗ್ಯಾರೇಜಿನೊಳಗಿನಿಂದ ಕೇಳಿಸಿತು.